ದೋಣಿಯ ತೂತಿಗೆ ಹಳದಿ ಮೇಣ

ಸೋಮವಾರ ಬೆಳಗಿನ ಚಹಾ ಇನ್ನೂ ಠಾಣೆಗೆ ಬಂದಿರಲಿಲ್ಲ. ಅಷ್ಟರಲ್ಲೇ ರಾಡಾರ್ ಪ್ರಯೋಗಾಲಯದ ಮುಖ್ಯಸ್ಥರು ದೂರು ಹಿಡಿದು ಬಂದರು. ಪರೀಕ್ಷೆಯ ಮರದ ದೋಣಿಯಲ್ಲಿ ಕೂರಿಸಿದ್ದ ಮೂರು ಮೂಲೆಯ ಲೋಹದ ತಗಡು ಕಳುವಾಗಿತ್ತು. ಶನಿವಾರದ ಕೊನೆಯ ಪರೀಕ್ಷೆಯಲ್ಲಿ, ಬಂದರಿಗೆಂದು ಕಟ್ಟಿದ ಹೊಸ ರಾಡಾರಿಗೆ ಆ ದೋಣಿ ಕಾಣಿಸಲೇ ಇಲ್ಲ. ಅತಿಥಿಗಳ ಮುಂದೆ ಮುಖ್ಯಸ್ಥರ ಮಾನ ಹರಾಜಾಗಿತ್ತು.

ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿ, ದೋಣಿ ಕಟ್ಟಿದ್ದ ದಕ್ಕೆಗೆ ಹೋದರು.

"ಗುಜರಿಯವರ ಕೆಲಸ ಸಾರ್," ಎಂದ ಹೆಡ್ ಕಾನ್‌ಸ್ಟೇಬಲ್, ಕೇಸು ಮುಗಿದೇಹೋಯಿತು ಎಂಬಂತೆ.

ಪಂಚನಾಮೆ ಬರೆಸುತ್ತ ಇನ್‌ಸ್ಪೆಕ್ಟರ್ ದೋಣಿಯೊಳಗೆ ಬಗ್ಗಿದರು. ಬೋಲ್ಟ್ ಬಿಚ್ಚಿದ ತೂತುಗಳಿಗೆ ಯಾರೋ ಹಳದಿ ಮೇಣ ತುಂಬಿ, ಹೆಬ್ಬೆರಳಿನಿಂದ ನೀವಿ ಸಮ ಮಾಡಿದ್ದರು.

"ದೋಣಿಗೆ ನೀರು ನುಗ್ಗದಿರಲಿ ಅಂತ ಯೋಚಿಸೋ ಕಳ್ಳನ್ನ ಎಲ್ಲಾದ್ರೂ ನೋಡಿದೀಯೇನಯ್ಯ?"

ಹೆಡ್ ಕಾನ್‌ಸ್ಟೇಬಲ್ ಮೇಣದ ಚೂರೊಂದನ್ನು ಕೆರೆದು ಕಾಗದದಲ್ಲಿ ಕಟ್ಟಿಕೊಂಡ.

ಅದೇ ಮೇಣವನ್ನು ಪ್ರಯೋಗಾಲಯದಲ್ಲಿ ಆಂಟೆನಾದ ಸಂದುಗಳಿಗೆ ಹಚ್ಚುತ್ತಿದ್ದರು. ಡಬ್ಬಿ ಇದ್ದದ್ದು ಹಿರಿಯ ಇಂಜಿನಿಯರರ ಮೇಜಿನ ಮೇಲೆ. ರಾಡಾರ್ ಕಟ್ಟಿದವರೇ ಅವರು. ಎಲ್ಲರ ಬಾಯಲ್ಲೂ 'ಅಜ್ಜ'. ಮೇಜಿನ ಕೆಳಗೆ, ಹಳೆಯ ಟವೆಲ್ಲಿನಲ್ಲಿ ಸುತ್ತಿದ ತಗಡು ಸಿಕ್ಕಿತು.

"ಇದು ಯಾತಕ್ಕೆ?" ಇನ್‌ಸ್ಪೆಕ್ಟರ್ ಅಜ್ಜನನ್ನು ಕೇಳಿದರು.

"ರಾಡಾರಿನ ಅಲೆಯನ್ನ ಬಂದ ದಾರಿಗೇ ವಾಪಸ್ ಕಳಿಸುತ್ತೆ. ರಾಡಾರ್ ಅಳತೆ ಸರಿ ಮಾಡೋಕೆ ಅಂತ ಮೊದಲು ಕೂರಿಸಿದ್ವಿ. ಆಮೇಲೆ ತೆಗೀಬೇಕಿತ್ತು. ಮರೆತ್ವಿ."

"ಅಂದ್ರೆ, ಇಷ್ಟು ದಿನ ಕಂಡಿದ್ದು?"

"ಈ ತಗಡು. ದೋಣಿ ಒಂದು ದಿನಾನೂ ಕಂಡಿಲ್ಲ."

"ಮುಖ್ಯಸ್ಥರಿಗೆ ಹೇಳ್ಲಿಲ್ವಾ?"

"ಹೇಳಿದೆ. ಪರೀಕ್ಷೆ ಮುಗೀಲಿ, ಆಮೇಲೆ ನೋಡೋಣ ಅಂದ್ರು. ನಾಳೆ ಇದನ್ನ ನಂಬ್ಕೊಂಡು ಮಂಜಲ್ಲಿ ಹಡಗು ಬಿಡ್ತಾರೆ ಸಾರ್. ಎದುರಿಗೆ ಮರದ ದೋಣಿ ಬಂದ್ರೆ?"

"ಅತಿಥಿಗಳ ಮುಂದೆ ನೀವೇ ಹೇಳಬಹುದಿತ್ತು."

ಅಜ್ಜ ಕಿಟಕಿಯಾಚೆಯ ಆಂಟೆನಾ ನೋಡಿದರು. "ಬಾಯಿ ಬರಲಿಲ್ಲ. ಸಾಕಿದ ಮಗೂಗೆ ಕಣ್ಣಿಲ್ಲ ಅಂತ ನಾನೇ ಹೇಗೆ ಹೇಳಲಿ?"

ಇನ್‌ಸ್ಪೆಕ್ಟರಿಗೆ ಅಜ್ಜನ ಮಾತು ಸರಿಯೆನಿಸಿತು. ಆದರೆ ದೂರು ಕಳ್ಳತನದ್ದು, ಮಾಲು ಕಣ್ಣೆದುರಿಗಿತ್ತು. ಅಜ್ಜನ ಹೇಳಿಕೆಯನ್ನು ಒಂದಕ್ಷರ ಬಿಡದೆ ಬರೆಸಿ, ಅವರನ್ನು ಬಂಧಿಸಿದರು. ಕೈಕೋಳ ಹಾಕಹೊರಟ ಹೆಡ್ ಕಾನ್‌ಸ್ಟೇಬಲ್‌ನನ್ನು ಕಣ್ಣಲ್ಲೇ ತಡೆದರು.

"ತಗಡು ಕೊಡಿ, ಇನ್ನೊಂದು ಪರೀಕ್ಷೆ ಮಾಡಿಸ್ತೀನಿ," ಎಂದು ಮುಖ್ಯಸ್ಥರು ಕೈ ಚಾಚಿದರು.

"ಇದು ಮುದ್ದೆಮಾಲು ಸಾರ್. ಇವರ ಹೇಳಿಕೆ ಜೊತೆಗೇ ಕೋರ್ಟಿಗೆ ಹೋಗುತ್ತೆ."

ಮುಖ್ಯಸ್ಥರ ಮುಖ ಬಿಳಿಚಿಕೊಂಡಿತು. ಇನ್‌ಸ್ಪೆಕ್ಟರಿಗೆ ಅದರಿಂದ ಸಮಾಧಾನವೇನೂ ಆಗಲಿಲ್ಲ.

ಜೀಪು ಹತ್ತುವಾಗ ಅಜ್ಜ ತಿರುಗಿದರು. "ಆ ಮೇಣ ಬಹಳ ದಿನ ತಡೆಯೋಲ್ಲ. ದೋಣಿಯವನಿಗೆ ಹೇಳಿ ಸಾರ್, ತೂತಿಗೆ ಮರದ ಬೆಣೆ ಹೊಡೆಸಲಿ."

ಸಂಜೆ ಇನ್‌ಸ್ಪೆಕ್ಟರ್ ತಾವೇ ದಕ್ಕೆಗೆ ಹೋಗಿ ಹೇಳಿಬಂದರು.