ಬಚ್ಚಲೊಲೆಯ ಹಸಿರು ಉರಿ

“ಮೇಷ್ಟ್ರೇ, ನನ್ನ ರೆಕಾರ್ಡು ಇಲ್ಲ! ಯಾರೋ ತಗೊಂಡೋಗವ್ರೆ!”

ಭಾನುವಾರ ಬೆಳಗಿನ ಎಂಟು ಗಂಟೆ. ಪಾಂಡವಪುರದ ತಮ್ಮ ಮನೆಯ ಜಗಲಿಯಲ್ಲಿ ಪತ್ರಿಕೆ ಬಿಡಿಸಿ ಕುಳಿತಿದ್ದ ಸುಬ್ಬಣ್ಣನವರು ತಲೆಯೆತ್ತಿದರು. ಹಿಂಭಾಗದಲ್ಲಿ ಬಾಡಿಗೆಗಿದ್ದ ಹೇಮಶ್ರೀ ಕಂಬ ಹಿಡಿದು ನಿಂತಿದ್ದಳು. ಮುಖ ಸುಣ್ಣದಂತೆ ಬಿಳಿಚಿಕೊಂಡಿತ್ತು.

ಸುಬ್ಬಣ್ಣನವರು ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಆ ಬೀದಿಯಲ್ಲಿ ಕೊಡಪಾನ ಕಳೆದರೂ, ಕೋಳಿ ಕಳೆದರೂ ಜನ ಠಾಣೆಗಿಂತ ಮೊದಲು ಅವರ ಜಗಲಿಗೆ ಬರುತ್ತಿದ್ದರು. ಒಮ್ಮೆಯೂ ತಮ್ಮ ಲೆಕ್ಕ ತಪ್ಪಿಲ್ಲವೆಂಬುದು ಮುದುಕರ ಹೆಮ್ಮೆ.

ಆದರೆ ಇಂದು ಕಳೆದದ್ದು ಕೊಡಪಾನವಲ್ಲ. ಅದು ೧೯೯೪ರ ಏಪ್ರಿಲ್. ಮರುದಿನ ಹತ್ತು ಗಂಟೆಗೆ, ಹೇಮಶ್ರೀಯ ಕಾಲೇಜಿನವರಿಗೆ ಸೆಂಟರಾಗಿದ್ದ ಶ್ರೀರಂಗಪಟ್ಟಣದ ಕಾಲೇಜಿನಲ್ಲಿ, ಬಿ.ಎಸ್ಸಿ. ಕೊನೆಯ ವರ್ಷದ ಸಸ್ಯಶಾಸ್ತ್ರದ ಪ್ರಾಕ್ಟಿಕಲ್ ಪರೀಕ್ಷೆ. ಲೆಕ್ಚರರ ರುಜುವಿರುವ ರೆಕಾರ್ಡು ಇಲ್ಲದವರಿಗೆ ಒಳಗೆ ಪ್ರವೇಶವಿಲ್ಲ. ಪರೀಕ್ಷೆ ತಪ್ಪಿದರೆ ಒಂದು ವರ್ಷ ಹೋಯಿತು. ಮದುವೆಯಾದ ಹುಡುಗಿಗೆ ಆ ವರ್ಷ ಮತ್ತೆ ಸಿಕ್ಕೀತೆಂಬ ಭರವಸೆಯೇನು?

ಆ ರೆಕಾರ್ಡನ್ನು ಸುಬ್ಬಣ್ಣನವರೂ ಕಂಡಿದ್ದರು. ದಪ್ಪ ಹಾಳೆಗಳಿಗೆ ಒಣಗಿಸಿ ಅಂಟಿಸಿದ ಗಿಡಗಳು. ಹೆಂಡತಿಗಾಗಿ ಹೊಲದ ಬದು, ನಾಲೆಯ ಏರಿ ಸುತ್ತಿ ಒಂದೊಂದನ್ನೂ ಕಿತ್ತು ತಂದವನು ಗಂಡ ತಿಮ್ಮರಾಜು. ಹುಳು ಬೀಳದಿರಲೆಂದು ಗೋಂದಿಗೆ ಮೈಲುತುತ್ತ ಬೆರೆಸಿ, ನೀಲಿ ಬೆರಳುಗಳಿಂದ ಅವನೇ ಅಂಟಿಸಿಕೊಟ್ಟಿದ್ದ. ಶ್ರೀರಂಗಪಟ್ಟಣದ ಅದೇ ಕಾಲೇಜಿನ ಲ್ಯಾಬಿನಲ್ಲಿ ಅವನು ಅಟೆಂಡರ್.

“ಕೊನೆಗೆ ಯಾವಾಗ ನೋಡಿದ್ದಮ್ಮಾ?”

“ನೆನ್ನೆ ಸಂಜೆ ಸ್ಮೃತಿ ಬಂದು ಚಿತ್ರ ನೋಡ್ಕೊಂಡು ಹೋದ್ಳು, ನನ್ನ ಕ್ಲಾಸಿನವಳು. ಆಮೇಲೆ ಮೇಜಿನ ಮೇಲಿಟ್ಟೆ. ಬೆಳಿಗ್ಗೆ ನೋಡಿದ್ರೆ ಇಲ್ಲ. ಮೂವತ್ತೊಂಬತ್ತು ಗಿಡ, ಮೇಷ್ಟ್ರೇ... ಎಲ್ಲಾ ಹೋಯ್ತು.”

“ನಲವತ್ತಲ್ವೇನೆ?” ಎಂದ, ಅವಳ ಹಿಂದೆಯೇ ಬಂದ ತಿಮ್ಮರಾಜು. ಸೋಮವಾರದ ಪರೀಕ್ಷೆಗೆ ಲ್ಯಾಬು ಅಣಿಮಾಡಲು ಶನಿವಾರ ಹೋಗಿ ಅಲ್ಲೇ ತಂಗಿದ್ದವನು ಏಳು ಗಂಟೆಯ ಬಸ್ಸಿಗೆ ಬಂದಿದ್ದ. ಹೆಂಡತಿಗೆಂದು ತಂದ ಹೊಸ ಬ್ಲೇಡು ಮತ್ತು ಕುಂಚದ ಪೊಟ್ಟಣ ಇನ್ನೂ ಅವನ ಕೈಯಲ್ಲೇ ಇತ್ತು.

ಹೇಮಶ್ರೀ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಸುಬ್ಬಣ್ಣನವರು ಹಿಂದಿನ ಮನೆ ಹೊಕ್ಕರು. ಕಿಟಕಿಗೆ ಕಂಬಿ. ಬಾಗಿಲಿಗೆ ಒಳಗಿನ ಅಗುಳಿ. ಹೊರಗಿನವರು ಬಂದ ಗುರುತಿಲ್ಲ. ರಾತ್ರಿ ಒಳಗಿದ್ದವರು ಇಬ್ಬರೇ: ಹೇಮಶ್ರೀ, ಮತ್ತು ಕೆ.ಆರ್. ಪೇಟೆ ಕಡೆಯ ಹಳ್ಳಿಯಿಂದ ವಾರದ ಹಿಂದೆ ಬಂದಿದ್ದ ಅತ್ತೆ ಚಿಕ್ಕಬೋರಮ್ಮ. ಮೊಮ್ಮಗುವಿನ ಮುಖ ನೋಡದೆ ಸೊಸೆಯ ಓದು ನೋಡಬೇಕಾಯಿತಲ್ಲ ಎಂದು ದಿನಕ್ಕೆರಡು ಬಾರಿ ಗೊಣಗುವ ಹೆಂಗಸು.

“ಏನಮ್ಮಾ ಚಿಕ್ಕಬೋರಮ್ಮ, ಆ ಪುಸ್ತಕ ಕಂಡಿರಾ?”

“ನನ್ನನ್ಯಾಕೆ ಕೇಳೀರಿ ಸೋಮಿ? ನಾನು ಎಬ್ಬೆಟ್ಟಿನವಳು. ಆ ಸೊಪ್ಪುಸದೆ ಪುಸ್ತಕ ನಂಗ್ಯಾಕೆ? ದನಾನೂ ತಿನ್ನಾಕಿಲ್ಲ!”

“ಅವ್ವಾ, ಸುಮ್ಕಿರು,” ಎಂದ ತಿಮ್ಮರಾಜು.

“ನೀನು ಸುಮ್ಕಿರ್ಲಾ! ಮನೇಗೆ ದೃಷ್ಟಿ ಆಗೈತೆ ಅಂದ್ರೆ ನಗಾಡ್ತೀಯೆ. ಬೆಳಿಗ್ಗೆ ನಾ ಏಳೋ ಒತ್ಗೆ ಬಚ್ಚಲೊಲೆ ಉರೀತಿತ್ತು ಸೋಮಿ. ದಿನಾ ಉರಿ ಆಕೋಳು ನಾನು, ಇವತ್ತು ಆಗ್ಲೇ ಉರೀತೈತೆ! ಉರಿ ನೋಡಿದ್ರೆ ಅಸ್ರು ಕನ! ಗಿಣಿ ರೆಕ್ಕೆ ಅಂಗೆ! ಜೀವ ಝಲ್ಲಂತು.”

“ನಿನ್ ಕಣ್ಣಿಗೆ ಪೊರೆ ಬಂದೈತೆ ಕನವ್ವ. ಮಂಡ್ಯಕ್ಕೆ ಕರ್ಕೊಂಡೋಯ್ತೀನಿ ಬುಡು,” ಎಂದು ತಿಮ್ಮರಾಜು ಅಷ್ಟು ದುಃಖದಲ್ಲೂ ಸಣ್ಣಗೆ ನಕ್ಕ.

ಸುಬ್ಬಣ್ಣನವರೂ ನಕ್ಕರು. ಆ ನಗುವಿಗಾಗಿ ಸಂಜೆ ಅವರು ತಮ್ಮನ್ನೇ ಹಳಿದುಕೊಳ್ಳಬೇಕಾಯಿತು.

ಅವರಿಗೆ ಮೊದಲು ಅನುಮಾನ ಬಂದದ್ದು ಬೇರೆಡೆ. ಬಾವಿಕಟ್ಟೆಯ ಬಳಿ ತಿಮ್ಮರಾಜುವನ್ನು ಒಬ್ಬನೇ ಕರೆದು ಕೇಳಿದರು:

“ನಾಳೆ ರೆಕಾರ್ಡು ಸಿಕ್ಕರೂ ಸಿಗದಿದ್ದರೂ ನೀನು ಆ ಲ್ಯಾಬಿನಲ್ಲೇ ಇರುತ್ತೀಯಲ್ಲ? ಪರೀಕ್ಷಕರಿಗೆ ನಡೆದದ್ದು ಹೇಳಿ ನೋಡು.”

“ನಾಳೆ... ನಂಗೆ ರಜ, ಮೇಷ್ಟ್ರೇ.”

“ರಜೆಯೇ? ಪರೀಕ್ಷೆಯ ದಿನ? ಅಟೆಂಡರಿಗೆ?”

“ಅದಿನೈದು ದಿನ ಮುಂಚೇನೇ ಬರ್ಕೊಟ್ಟಿದ್ದೆ.”

“ಕಾರಣ?”

ತಿಮ್ಮರಾಜು ಹಗ್ಗದ ಸಿಂಬಿಯನ್ನೇ ನೋಡುತ್ತ ನಿಂತ. “ಅದೊಂದು ಕೇಳ್ಬೇಡಿ. ಹೇಮಂಗೂ ಏಳ್ಬೇಡಿ.”

ಹೆಂಡತಿ ಪರೀಕ್ಷೆಗೆ ಬರಲಾರಳೆಂದು ಇವನಿಗೆ ಮೊದಲೇ ತಿಳಿದಿತ್ತೇ? ಪಿ.ಯು.ಸಿ.ಯಲ್ಲಿ ಎರಡು ಬಾರಿ ನಪಾಸಾದವನಿಗೆ ಹೆಂಡತಿಯ ಡಿಗ್ರಿ ಹೊರಲಾರದ ಭಾರವಾಯಿತೇ? ಆದರೆ ರಾತ್ರಿ ಇವನು ಊರಲ್ಲೇ ಇರಲಿಲ್ಲ! ಲೆಕ್ಕ ಕೂಡುತ್ತಿಲ್ಲ.

ಮಧ್ಯಾಹ್ನದ ಬಿಸಿಲಲ್ಲಿ ಕೊಡೆ ಹಿಡಿದು ರೈಲ್ವೆ ಸ್ಟೇಷನ್ ಬೀದಿಗೆ, ಸ್ಮೃತಿಯ ಮನೆಗೆ ನಡೆದರು.

“ಅಯ್ಯೋ, ಕಳೆದೋಯ್ತಾ ತಾತ?” ಹುಡುಗಿ ನಿಜವಾಗಿಯೂ ಕಂಗಾಲಾದಳು. “ಬಾಗಿಲಲ್ಲೇ ನಿಂತು ನೋಡಿ ಕೊಟ್ಟೆನಲ್ಲ. ಒಳಗೂ ಕರೀಲಿಲ್ಲ ಅವಳು. ಹೋಗಲಿ, ಅವಳ ಮನೆಯವರು ಆ ಕಾಲೇಜಲ್ಲೇ ಲೆಕ್ಚರರು ತಾನೆ? ಏನಾದ್ರೂ ಮಾಡ್ತಾರೆ ಬಿಡಿ.”

ಸುಬ್ಬಣ್ಣನವರ ಕೈಯಲ್ಲಿದ್ದ ಮಜ್ಜಿಗೆಯ ಲೋಟ ಅಲ್ಲೇ ನಿಂತಿತು. “ಲೆಕ್ಚರರೆ? ನೀನು ಅವರನ್ನು ನೋಡಿದ್ದೀಯಾ?”

“ಎಲ್ಲಿ! ಹೋದ ತಿಂಗಳು ನಾವು ನಾಲ್ಕು ಜನ ಆ ಲ್ಯಾಬ್ ನೋಡೋಕೆ ಹೋಗಿದ್ವಿ. ಹೇಮ ಬಂದಿರ್ಲಿಲ್ಲ. ತಿಮ್ಮರಾಜು ಸರ್ ಇದಾರಾ ಅಂತ ಕೇಳಿದ್ವಿ. ಖಾಕಿ ಹಾಕ್ಕೊಂಡಿದ್ದ ಅಟೆಂಡರೊಬ್ರು ಸ್ವಲ್ಪ ಹೊತ್ತು ನಮ್ಮನ್ನೇ ನೋಡಿ, ‘ಸರ್ ಇವತ್ತು ರಜ’ ಅಂದ್ರು. ಪಾಪ, ಒಳ್ಳೆಯವರು, ಕುಡಿಯೋಕೆ ನೀರು ತಂದುಕೊಟ್ರು. ನೆನ್ನೆ ಹೇಮಂಗೆ ಹೇಳಿದೆ, ಸೋಮವಾರ ನಿಮ್ಮೆಜಮಾನ್ರನ್ನ ನೋಡೇಬಿಡ್ತೀವಿ ಅಂತ.”

ಲೋಟವನ್ನು ಕೆಳಗಿಟ್ಟು ಸುಬ್ಬಣ್ಣನವರು ಎದ್ದರು. ಹಿಂದಿರುಗುವ ದಾರಿ ಬಹಳ ಉದ್ದವಾಯಿತು.

ಮನೆಗೆ ಬಂದವರು ನೇರ ಹಿತ್ತಲಿಗೆ ಹೋಗಿ, ಬಚ್ಚಲೊಲೆಯ ಬೂದಿ ಕೆದಕಿದರು. ರೆಕಾರ್ಡಿನ ಹಾಳೆಗಳನ್ನು ಹಿಡಿದಿದ್ದ ಎರಡು ಸಣ್ಣ ಲೋಹದ ಉಂಗುರಗಳು ಕಡ್ಡಿಯ ತುದಿಗೆ ಸಿಕ್ಕಿಕೊಂಡು ಬಂದವು.

ಸಂಜೆ, ಚಿಕ್ಕಬೋರಮ್ಮ ದೀಪ ಹಚ್ಚಿಸಲು ಗುಡಿಗೆ ಹೋದ ಮೇಲೆ, ದಂಪತಿಗಳನ್ನು ಒಳಗೆ ಕರೆದು ಕೂರಿಸಿದರು. ಉಂಗುರಗಳನ್ನು ನಡುವೆ ಇಟ್ಟರು.

“ತಿಮ್ಮರಾಜು, ನಿನ್ನ ತಾಯಿಯ ಕಣ್ಣಿಗೆ ಪೊರೆ ಬಂದಿಲ್ಲ. ಮೈಲುತುತ್ತ ಬೆಂಕಿಗೆ ಬಿದ್ದರೆ ಉರಿ ಹಸಿರಾಗುತ್ತದೆ. ಹುಡುಗರಿಗೆ ಪ್ರತಿವರ್ಷ ಮಾಡಿ ತೋರಿಸಿದವನು ನಾನು. ನನ್ನ ಮುಂದೆಯೇ ಆ ಮಾತು ಬಂದಾಗ ನಕ್ಕುಬಿಟ್ಟೆ. ನಿನ್ನ ಗೋಂದು ಉರಿದದ್ದು ಅದು. ರೆಕಾರ್ಡು ಕಳುವಾಗಿಲ್ಲ. ನಸುಕಿನಲ್ಲಿ ಈ ಮನೆಯ ಒಲೆಯಲ್ಲೇ ಸುಟ್ಟುಹೋಗಿದೆ.”

“ಅವ್ವಾನಾ?” ತಿಮ್ಮರಾಜುವಿನ ದನಿ ಒಡೆಯಿತು.

“ಸುಟ್ಟವರು ಉರಿಯ ಬಣ್ಣ ಊರಿಗೆಲ್ಲ ಹೇಳುವುದಿಲ್ಲ. ನೀನು ಊರಲ್ಲಿರಲಿಲ್ಲ. ಸ್ಮೃತಿ ಒಳಗೇ ಬಂದಿಲ್ಲ.” ಸುಬ್ಬಣ್ಣನವರು ತಡೆದರು. “ನಲವತ್ತು ಗಿಡ ಹೋದವೆನ್ನಬೇಕಿದ್ದವಳು ಮೂವತ್ತೊಂಬತ್ತು ಎಂದಳು. ಒಂದು ಉಳಿದಿದೆಯೆಂದು ಬಲ್ಲವರು ಮಾತ್ರ ಹಾಗೆ ಹೇಳಬಲ್ಲರು. ಹೇಮಾ... ಆ ಒಂದನ್ನು ತೆಗೆದುಕೊಂಡು ಬಾರಮ್ಮ.”

ಹೇಮಶ್ರೀ ಎದ್ದಳು. ಟ್ರಂಕಿನ ತಳದಲ್ಲಿದ್ದ ಧಾರೆ ಸೀರೆಯ ಮಡಿಕೆಯಿಂದ ಒಂದು ಹಾಳೆ ತಂದು ಗಂಡನ ಮುಂದಿಟ್ಟಳು. ಒಣಗಿ ಕಂದಿದ ಗೌರಿ ಹೂವಿನ ಬಳ್ಳಿ. ಕಳೆದ ಶ್ರಾವಣದಲ್ಲಿ ಇಬ್ಬರೂ ಕರಿಘಟ್ಟ ಹತ್ತಿದಾಗ, ಮುಳ್ಳುಪೊದೆಗೆ ಕೈಹಾಕಿ, ಮೊಣಕೈವರೆಗೆ ತರಚಿಕೊಂಡು ಅವನು ಕಿತ್ತುಕೊಟ್ಟದ್ದು.

“ಇದನ್ನ ಒಲೆಗೆ ಹಾಕೋಕೆ ಆಗ್ಲಿಲ್ಲ,” ಎಂದಳು.

“ಯಾಕೆ ಹೇಮಾ?” ತಿಮ್ಮರಾಜು ಅಷ್ಟೇ ಕೇಳಿದ.

“ಕಾಲೇಜಿನ ಮೊದಲನೇ ದಿನ ನಿಮ್ಮೆಜಮಾನ್ರು ಏನಾಗಿದಾರೆ ಅಂದ್ರು. ಲೆಕ್ಚರರು ಅಂತ ಬಾಯಿಗೆ ಬಂದುಬಿಡ್ತು. ಆಮೇಲೆ ವಾಪಸ್ ತಗೊಳ್ಳೋಕಾಗ್ಲಿಲ್ಲ. ಈ ವರ್ಷ ಸೆಂಟರು ನಿಮ್ಮಲ್ಲಿಗೇ ಬಿತ್ತು. ನೀವು ಖಾಕಿ ಹಾಕ್ಕೊಂಡು ನೀರಿಡೋಕೆ ಬರ್ತೀರಿ, ಅವರೆಲ್ಲ ನನ್ನ ಮುಖ ನೋಡ್ತಾರೆ... ಮುಂದಿನ ವರ್ಷ ಸೆಂಟರು ಬೇರೆ ಕಡೆ ಆಗುತ್ತೆ ಅಂದ್ಕೊಂಡೆ.”

ತಿಮ್ಮರಾಜು ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ಹೂವಿನ ಪಕ್ಕಕ್ಕಿಟ್ಟ. ಸೋಮವಾರದ ರಜೆಗೆ ಮಂಜೂರಾತಿ.

“ನಂಗೆ ಗೊತ್ತಿತ್ತು ಕಣೆ. ನಿನ್ನ ಗೆಳತೀರು ಬಂದು ‘ತಿಮ್ಮರಾಜು ಸರ್’ ಅಂದಾಗ್ಲೇ ಗೊತ್ತಾಯ್ತು. ನಾನು ಅಲ್ಲಿ ಇಲ್ದಿದ್ರೆ ನೀನು ನೆಮ್ಮದಿಯಾಗಿ ಬರೀತೀಯ ಅಂತ ರಜ ಆಕಿದ್ದೆ. ಒಂದು ಮಾತು ನನ್ನ ಕೇಳಿದ್ರೆ...”

ಹೇಮಶ್ರೀಯ ಬಾಯಿಂದ ಹೊರಟದ್ದು ಅಳುವೂ ಅಲ್ಲ, ಮಾತೂ ಅಲ್ಲ. ಅವಳು ನೆಲಕ್ಕೆ ಹಣೆಯಿಟ್ಟು ಕುಸಿದಳು. ಸುಬ್ಬಣ್ಣನವರು ಮೆಲ್ಲನೆ ಎದ್ದು ಜಗಲಿಗೆ ಬಂದರು. ಅವರಿಗೆ ಆಗ ಇನ್ನೊಂದು ನೆನಪಾಯಿತು. ದಂಪತಿಗಳು ಒಂದೂವರೆ ವರ್ಷದಿಂದ ಈ ಮನೆಯಲ್ಲಿದ್ದರೂ ತಿಮ್ಮರಾಜುವಿನ ಖಾಕಿ ಅಂಗಿ ಹೊರಗಿನ ತಂತಿಯ ಮೇಲೆ ಒಮ್ಮೆಯೂ ಒಣಗಿದ್ದಿಲ್ಲ. ಅವನು ಬಿಳಿ ಅಂಗಿ ತೊಟ್ಟು ಹೊರಡುತ್ತಿದ್ದ, ಖಾಕಿ ಅಂಗಿ ಚೀಲದೊಳಗಿರುತ್ತಿತ್ತು. ಒಗೆದದ್ದು ಬಚ್ಚಲಿನ ಕತ್ತಲಲ್ಲೇ ಒಣಗುತ್ತಿತ್ತು. ಕಣ್ಣೆದುರಿಗೇ ಇದ್ದ ಸುಳಿವು! ನೋಡಿಯೂ ನೋಡಲಿಲ್ಲ. ನಿಜ ಪತ್ತೆಯಾಗದೆ ಹೋಗಿದ್ದರೆ ಚೆನ್ನಾಗಿತ್ತೆಂದು ಅವರಿಗೆ ಅನಿಸಿದ್ದು ಅದೇ ಮೊದಲು.

ಸೋಮವಾರ ತಿಮ್ಮರಾಜು ರಜೆ ರದ್ದು ಮಾಡಿಸಿಕೊಂಡು ಕೆಲಸಕ್ಕೆ ಹೋದ. ಸಂಜೆ ಬಂದವನು ಒಳಗೆ ಹೋಗದೆ ಜಗಲಿಯ ಅಂಚಿನಲ್ಲಿ ಕುಳಿತ.

“ಅವಳ ನಂಬರು ಮೂರು ಸಲ ಕೂಗಿದ್ರು ಮೇಷ್ಟ್ರೇ. ಅವಳಿಗೆ ಅಂತ ಕಿಟಕಿ ಪಕ್ಕ ಬೆಳಕಿರೋ ಮೇಜಿಗೆ ಒಳ್ಳೇ ಮೈಕ್ರೋಸ್ಕೋಪು ಇಟ್ಟಿದ್ದೆ ಶನಿವಾರನೇ. ಆಮೇಲೆ ಎತ್ತಿಡು ಅಂದ್ರು. ನಾನೇ ಎತ್ತಿಟ್ಟೆ.”

ಮಂಗಳವಾರ ಬೆಳಿಗ್ಗೆ ಸುಬ್ಬಣ್ಣನವರು ಬಾಗಿಲು ತೆರೆದಾಗ ಹೇಮಶ್ರೀ ಅಂಗಳದಲ್ಲಿದ್ದಳು. ಕಣ್ಣು ಊದಿತ್ತು. ಬೀದಿಗೆ ಕಾಣುವ ಮುಂದಿನ ತಂತಿಯ ಮೇಲೆ ಒದ್ದೆ ಖಾಕಿ ಅಂಗಿಯನ್ನು ಹರವಿ, ತೋಳುಗಳ ಸುಕ್ಕನ್ನು ಅಂಗೈಯಿಂದ ಮತ್ತೆ ಮತ್ತೆ ನೀವುತ್ತಿದ್ದಳು.