ಹದಿಮೂರು ಎಲ್ಲಿ ಹೋಯ್ತು?

ಬೆಲ್ ಹೊಡೆದಾಗ ಅವಳು ಗಾಳಿಯಲ್ಲಿದ್ದಳು.

ನಿಜವಾಗಿಯೂ ಗಾಳಿಯಲ್ಲಿ! ಎರಡೂ ಕೈ ಮೇಲಕ್ಕೆ, ಎರಡೂ ಕಾಲು ನೆಲ ಬಿಟ್ಟು. ಸೋಫಾವನ್ನು ಗೋಡೆಗೆ ನೂಕಿ ಮಾಡಿಕೊಂಡ ಜಾಗದಲ್ಲಿ ಅವಳು ಹಾರುತ್ತಿದ್ದರೆ, ಮಂಡಿನೋವಿನ ಕಾಲು ಚಾಚಿಕೊಂಡು ಕುರ್ಚಿಯಲ್ಲಿ ಕೂತ ಅಮ್ಮ ಎಣಿಸುತ್ತಿದ್ದಳು. ಅಮ್ಮ ನಿವೃತ್ತ ಪ್ರೈಮರಿ ಟೀಚರ್. ಅವಳು ಎಣಿಸಿದರೆ ಹಿಂದಿನ ಬೆಂಚಿಗಷ್ಟೇ ಅಲ್ಲ, ಹಿಂದಿನ ಬೀದಿಗೂ ಕೇಳಬೇಕು.

"ಹನ್ನೊಂದು... ಹನ್ನೆರಡು... ಹದಿನಾಲ್ಕು..."

"ಅಮ್ಮಾ! ಹದಿಮೂರು ಎಲ್ಲಿ ಹೋಯ್ತು?"

"ಹನ್ನೆರಡು ಆಯ್ತು ಅಂದ್ರೆ ಸಾಕು, ಸೊಂಟ ಹಿಡ್ಕೊಂಡು ಕೂತ್ಬಿಡ್ತೀಯ. ಒಂದು ನುಂಗಿಬಿಟ್ರೆ ಇಪ್ಪತ್ತು ಹತ್ರ ಬಂದ ಹಾಗಾಗುತ್ತೆ. ಹಾರು ಪುಟ್ಟಿ, ಹಾರು!"

ದಿನಾ ಇದೇ ಮೋಸ, ದಿನಾ ಇದೇ ಜಗಳ. ಮೂವತ್ತು ದಾಟಿದ ಮಗಳು ಅಮ್ಮನ ಪಾಲಿಗೆ ಇನ್ನೂ ಪುಟ್ಟಿಯೇ.

ಮತ್ತೆ ಬೆಲ್. ಬೆವರು ಒರೆಸಿಕೊಳ್ಳುತ್ತಾ ಬಾಗಿಲು ತೆಗೆದಳು. ಎದುರಿಗೆ ಒಬ್ಬ ನಿಂತಿದ್ದ. ಕುತ್ತಿಗೆಯಲ್ಲಿ ಹೆಡ್‌ಫೋನ್, ಮೂಗಿನ ತುದಿಗೆ ಜಾರಿದ ಕನ್ನಡಕ. ಕೆಳಗಿನ ಮನೆಯವನು. ಮೆಟ್ಟಿಲಲ್ಲಿ ಎದುರಾದರೆ ಗೋಡೆಗೆ ಅಂಟಿಕೊಂಡು ದಾರಿ ಬಿಡುವವನು. ಇಷ್ಟು ಹತ್ತಿರದಿಂದ ಅವಳು ಅವನನ್ನು ನೋಡಿರಲಿಲ್ಲ. ಅವನ ಕಣ್ಣುಗಳು... ಇರಲಿ, ಕಣ್ಣಿನ ಮಾತು ಆಮೇಲೆ.

ಅವನು ಬಾಯಿ ತೆರೆದ. ಮುಚ್ಚಿದ. ಮತ್ತೆ ತೆರೆದ.

"ನೀವು... ಜಿಮ್‌ಗೆ ಹೋಗಬಾರದಾ?"

ಎಂಥ ಧ್ವನಿ! ತುಂಬಿಕೊಂಡ, ತಣ್ಣಗಿನ, ಒಂದೊಂದು ಅಕ್ಷರವನ್ನೂ ಒರೆಸಿ ಇಟ್ಟಂಥ ಧ್ವನಿ. ಅಂಥ ಧ್ವನಿಯಲ್ಲಿ ಇಂಥ ಮಾತು!

ಬಾಗಿಲನ್ನು ಅವನ ಮುಖದ ಮೇಲೆಯೇ ಹಾಕಿದಳು.

"ಯಾರೇ ಅದು?" ಅಮ್ಮ ಕೇಳಿದಳು.

"ಯಾರೂ ಇಲ್ಲ."

ಯಾರೂ ಇಲ್ಲದಿದ್ದರೆ ಎದೆ ಯಾಕೆ ಹೀಗೆ ಹೊಡೆದುಕೊಳ್ಳಬೇಕು?

* * *

ಆ ಮಾತು ಅವಳಿಗೆ ಹೊಸದಲ್ಲ. ಕಳೆದ ವರ್ಷ ಮದುವೆ ಮಾತುಕತೆ ಮುಗಿಯುವ ಹಂತದಲ್ಲಿ ಒಬ್ಬ ಅವಳನ್ನು ಮೇಲಿಂದ ಕೆಳಗೆ ನೋಡಿ, ನಗುನಗುತ್ತಲೇ ಅದನ್ನೇ ಹೇಳಿದ್ದ. "ಮದುವೆ ಒಳಗೆ ಸ್ವಲ್ಪ ಜಿಮ್‌ಗೆ ಹೋಗಬಾರದಾ?" ಪೆದ್ದಿಯ ಹಾಗೆ ಅವಳು ಹೋಗಿಯೂ ಇದ್ದಳು! ಸುತ್ತ ನಾಲ್ಕು ಗೋಡೆಗೂ ಕನ್ನಡಿ. ಪ್ರತಿ ಕನ್ನಡಿಯೊಳಗಿಂದ ಅವನೇ ಅಳೆಯುತ್ತಿರುವ ಹಾಗೆ. ಒಂದು ವಾರಕ್ಕೆ ಅವಳು ಜಿಮ್ ಬಿಟ್ಟಳು, ಒಂದು ತಿಂಗಳಿಗೆ ಅವನು ಅವಳನ್ನು ಬಿಟ್ಟ.

ಆಮೇಲೆ ಮನೆಯ ಹಾಲೇ ಅವಳ ಜಿಮ್. ಅಲ್ಲಿ ಕನ್ನಡಿ ಇಲ್ಲ, ಅಮ್ಮ ಇದ್ದಾಳೆ. ತೆಳ್ಳಗಾಗುವ ಹಟವೂ ಹೋಗಿತ್ತು. ಮೈ ಬೆವೆತ ದಿನ ಮನಸ್ಸು ಸ್ವಲ್ಪ ಸುಮ್ಮನಿರುತ್ತದೆ, ಅಷ್ಟಕ್ಕೇ ಹಾರುತ್ತಿದ್ದಳು.

ಆ ಒಂದು ಮೂಲೆಗೂ ಈ ಮಹಾಶಯ ಬಂದು ಕಲ್ಲು ಹಾಕಿದನಲ್ಲ!

ಅವಳ ಕೆಲಸ ಕನ್ನಡಕದ ಅಂಗಡಿಯಲ್ಲಿ, ದೊಡ್ಡ ಕಟ್ಟಡದ ಮೂರನೇ ಮಹಡಿ. ಅಂದು ಮುಖ ಊದಿಸಿಕೊಂಡೇ ಲಿಫ್ಟ್ ಹತ್ತಿದಳು.

"ಬಾಗಿಲು ಮುಚ್ಚುತ್ತಿದೆ," ಅಂದಿತು ಲಿಫ್ಟು.

ಅವಳು ಬೆಚ್ಚಿಬಿದ್ದಳು. ಅದೇ ಧ್ವನಿ! ದಿನಾ ಕೇಳಿದ್ದರೂ ಯಾರದೆಂದು ಗೊತ್ತಿರಲಿಲ್ಲ.

"ಮೂರನೇ ಮಹಡಿ. ದಯವಿಟ್ಟು ಜಾಗ್ರತೆಯಿಂದ ಇಳಿಯಿರಿ."

"ಇಳೀತೀನಿ, ಇಳೀತೀನಿ. ನಿಮ್ಮ ಲಿಫ್ಟಿಗೆ ಭಾರ ಆಗಿದ್ರೆ ಕ್ಷಮಿಸಿ!" ಎಂದು ಸೂರಿನ ಸ್ಪೀಕರಿಗೆ ಹೇಳಿ ಇಳಿದಳು. ಜೊತೆಯಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಂದಿನಿಂದ ಅವಳು ಮೆಟ್ಟಿಲನ್ನೇ ಹಿಡಿದಳು.

ಸಂಜೆ ಅಮ್ಮ ಅವನ ಪೂರ್ತಿ ಜಾತಕ ತಂದಿದ್ದಳು.

"ಗೋಡೆಗೆಲ್ಲ ಕಂಬಳಿ ಹೊಡ್ಕೊಂಡು ಮೈಕ್ ಮುಂದೆ ಓದ್ತಾನಂತೆ ಕಣೇ. ಲಿಫ್ಟು, ಬಸ್ಸು, ಬ್ಯಾಂಕು, ಎಲ್ಲದರಲ್ಲೂ ಅವನೇ ಮಾತಾಡೋದು. ಪಾಪ, ಬರೆದುಕೊಟ್ಟಿದ್ದನ್ನ ಮುತ್ತಿನ ಹಾಗೆ ಹೇಳ್ತಾನೆ. ಸ್ವಂತ ಮಾತು ಆಡು ಅಂದ್ರೆ ಮಾತ್ರ ತಡಬಡಾಯಿಸ್ತಾನೆ. ನಾವು ಹಾರಿದ್ರೆ ಅವನ ರೆಕಾರ್ಡಿಂಗಲ್ಲಿ ಧಡ್ ಧಡ್ ಅಂತ ಕೇಳುತ್ತಂತೆ."

'ನಾವು' ಅಂತೆ! ಹಾರುವವಳು ಒಬ್ಬಳೇ. ಹಾಗಾದರೆ ವಿಷಯ ಇದು: ಅವಳ ಭಾರಕ್ಕೆ ಅವನ ಸೂರು ಅದುರುತ್ತದೆ!

"ಹೋಗ್ತೀನಮ್ಮ. ನಾಳೆಯಿಂದ ಜಿಮ್‌ಗೇ ಹೋಗ್ತೀನಿ. ಅವನ ಕಣ್ಣೆದುರೇ ಬ್ಯಾಗ್ ಹಾಕ್ಕೊಂಡು ಹೋಗ್ತೀನಿ!"

"ಮತ್ತೆ ನಾನೇನು ಎಣಿಸ್ಲಿ?" ಎಂದಳು ಅಮ್ಮ, ಕೆಲಸ ಕಳೆದುಕೊಂಡವಳ ಮುಖ ಮಾಡಿಕೊಂಡು.

* * *

ಜಿಮ್ಮಿನಲ್ಲಿ ಎಲ್ಲ ಇತ್ತು. ಎಸಿ ಇತ್ತು, ಮೆಷಿನ್ನುಗಳಿದ್ದವು, ಬೈಯುತ್ತಲೇ ಬೆನ್ನು ತಟ್ಟುವ ಟ್ರೇನರ್ ಇದ್ದ. ಕನ್ನಡಿಗಳೂ ಇದ್ದವು. ಅವಳು ಟ್ರೆಡ್‌ಮಿಲ್ ಮೇಲೆ ಓಡಿದಳು, ಓಡಿದಳು... ಎಷ್ಟು ಓಡಿದರೂ ಇದ್ದಲ್ಲೇ! ಮನಸ್ಸಿಗೆ ಮಾತ್ರ ಒಂದು ಗಳಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಮಡಿಸಿಟ್ಟ ಬಟ್ಟೆಯನ್ನೇ ಮತ್ತೆ ಮಡಿಸುವಳು. ಗ್ಯಾಸ್ ಆರಿಸಿದ್ದೇನಾ ಎಂದು ಬೀದಿಯ ತಿರುವಿನಿಂದ ವಾಪಸು ಬರುವಳು. ಬಂದವಳ ಕಾಲು ಕೆಳಗಿನ ಮನೆಯ ಬಾಗಿಲೆದುರು ಯಾಕೆ ನಿಧಾನವಾಗುತ್ತಿತ್ತೋ, ಅವಳನ್ನು ಕೇಳಬೇಡಿ.

ಒಂದು ಮಧ್ಯಾಹ್ನ ಅವನೇ ಅಂಗಡಿಗೆ ಬಂದ. ಕೈಯಲ್ಲಿ ಕಡ್ಡಿ ಮುರಿದ ಕನ್ನಡಕ.

ಹೊಸ ಕಡ್ಡಿ ಹಾಕಿ, ಅಳತೆ ನೋಡಲು ಅವಳು ಕನ್ನಡಕವನ್ನು ಅವನ ಮುಖಕ್ಕೆ ಇಡಬೇಕಾಯಿತು. ಇದು ಅವಳ ನಿತ್ಯದ ಕೆಲಸ. ದಿನಕ್ಕೆ ಎಷ್ಟೋ ಕಿವಿ, ಎಷ್ಟೋ ಮೂಗು. ಆದರೂ ಒಂದೇ ಕಡ್ಡಿಯನ್ನು ಎರಡೆರಡು ಸಲ ಸರಿಮಾಡಿದಳು.

"ಕಿವಿ ಹಿಂದೆ ಒತ್ತುತ್ತಾ?"

"ಇಲ್ಲ."

"ಈಗ?"

"ಇಲ್ಲ." ಅವನು ಉಸಿರು ಬಿಗಿಹಿಡಿದು ಕೂತಿದ್ದ. "ಈಗ... ಮೇಲಿಂದ ಸದ್ದೇ ಬರ್ತಿಲ್ಲ."

"ಜಿಮ್‌ಗೆ ಹೋಗ್ತಿದ್ದೀನಲ್ಲ. ನೀವೇ ಹೇಳಿದ್ರಿ."

"ಅದು... ನಾನು... ಮನೆ ತುಂಬಾ ನಿಶ್ಶಬ್ದ. ಎಷ್ಟು ಅಂದ್ರೆ..."

ಅವನು ಅಲ್ಲೇ ಸಿಕ್ಕಿಹಾಕಿಕೊಂಡ. ಮುಂದಿನ ಮಾತನ್ನು ಅವಳೇ ತುಂಬಿದಳು.

"ಎಷ್ಟು ಅನುಕೂಲ ಆಯ್ತು ಅಂದ್ರೆ ಹೇಳೋಕೇ ಆಗಲ್ಲ, ಅಲ್ವಾ? ಸಂತೋಷ. ಬಿಲ್ ಅಲ್ಲಿ ಕೊಡ್ತಾರೆ."

ಅವನ ಮುಖ ಬಿಳುಚಿತು. ಎದ್ದು ಹೋದ. ಗಾಜಿನ ಬಾಗಿಲಾಚೆ ಲಿಫ್ಟಿನೆದುರು ನಿಂತ. ಲಿಫ್ಟು ಬಂತು. ಹತ್ತಲಿಲ್ಲ. 'ಬಾಗಿಲು ಮುಚ್ಚುತ್ತಿದೆ' ಎಂದು ಅವನ ಧ್ವನಿಯೇ ಅವನಿಗೆ ಹೇಳಿತು. ಬಾಗಿಲು ಮುಚ್ಚಿಯೂ ಹೋಯಿತು. ಅವನು ನಿಂತೇ ಇದ್ದ.

*ಎಷ್ಟು ಅಂದ್ರೆ... ಏನು?* ಅವಳ ತಲೆಯಲ್ಲಿ ಅದೇ ಕೊರೆಯತೊಡಗಿತು. *ನಾನು ಪೂರ್ತಿ ಕೇಳಿಸಿಕೊಳ್ಳಬಾರದಿತ್ತಾ?*

ಶನಿವಾರ ಊಟಕ್ಕೆ ಕೂತಾಗ ಅಮ್ಮ ಅಂದಳು, "ಕೆಳಗಿನ ಹುಡುಗ ನಾಳೆ ಮನೆ ಖಾಲಿ ಮಾಡ್ತಾನಂತೆ."

"ಒಳ್ಳೇದಾಯ್ತು."

"ಹೂಂ. ಒಳ್ಳೇದಾಗಿದ್ದಕ್ಕೇ ಇರಬೇಕು, ತಟ್ಟೆಯಲ್ಲಿರೋದು ಹಾಗೇ ಇದೆ."

* * *

ಭಾನುವಾರ ಬೆಳಗ್ಗೆ ಮನೆಯಲ್ಲಿದ್ದರೆ ಸಾಮಾನು ಎಳೆಯುವ ಸದ್ದು ಕೇಳಬೇಕಾದೀತೆಂದು ಅವಳು ಜಿಮ್ಮಿಗೆ ಓಡಿದಳು. ಗುಂಪಿನ ಕ್ಲಾಸಿಗೆ ಎಲ್ಲರೂ ಸಾಲಾಗಿ ನಿಂತಿದ್ದರು.

"ಇವತ್ತಿಂದ ಎಣಿಸೋದು ಸ್ಪೀಕರು. ಕಿರುಚಿ ಕಿರುಚಿ ನನ್ನ ಗಂಟಲು ಹೋಯ್ತು," ಎಂದು ಟ್ರೇನರ್ ಬಟನ್ ಒತ್ತಿದ.

"ಸಿದ್ಧರಾಗಿ. ಒಂದು... ಎರಡು..."

ಮತ್ತೆ ಅವನ ಧ್ವನಿ! ಇಲ್ಲೂ ಬಂದನಾ! ಹಲ್ಲು ಕಚ್ಚಿಕೊಂಡು ಹಾರಿದಳು.

"ಹನ್ನೊಂದು... ಹನ್ನೆರಡು... ಹದಿನಾಲ್ಕು..."

ಸಾಲು ಚೆಲ್ಲಾಪಿಲ್ಲಿಯಾಯಿತು. ಒಬ್ಬರು ಕೈ ಎತ್ತಿದರೆ ಇನ್ನೊಬ್ಬರು ಇಳಿಸಿದರು. ಯಾರ ಮೊಣಕೈ ಯಾರ ಮೂಗಿಗೋ! ಎಲ್ಲರೂ ಗೊಳ್ಳೆಂದರು.

"ಥತ್! ಎಣಿಸೋಕೂ ಬರಲ್ವಾ ಇವನಿಗೆ?" ಟ್ರೇನರ್ ತಲೆ ಚಚ್ಚಿಕೊಂಡ. "ಎರಡು ಸಲ ವಾಪಸ್ ಕಳಿಸಿದೀನಿ. ಮೂರನೇ ಸಲನೂ ಅದೇ ಹದಿಮೂರನ್ನೇ ನುಂಗಿದಾನೆ!"

ಎಲ್ಲರೂ ನಗುತ್ತಿದ್ದರು. ಅವಳೊಬ್ಬಳು ನಿಂತಲ್ಲೇ ನಿಂತಿದ್ದಳು.

ಹದಿಮೂರನ್ನು ನುಂಗುವವಳು ಲೋಕದಲ್ಲಿ ಒಬ್ಬಳೇ. ಅವಳ ಅಮ್ಮ. ಅದನ್ನು ಕೇಳಿಸಿಕೊಂಡವರು ಯಾರು? ಒಂದು ದಿನವಲ್ಲ, ಎರಡು ದಿನವಲ್ಲ. ನಾಲಿಗೆಗೆ ಅದೇ ಎಣಿಕೆ ಅಂಟಿಕೊಳ್ಳುವಷ್ಟು ದಿನ, ಬೆಳಬೆಳಗ್ಗೆ ಸೂರಿನ ಕಡೆ ಕಿವಿ ಇಟ್ಟು ಅವಳ ಜೊತೆಗೇ ಎಣಿಸಿದವರು ಯಾರು?

ಸದ್ದು ಬೇಡವಾದವನು ಹೆಡ್‌ಫೋನ್ ಹಾಕಿಕೊಳ್ಳುತ್ತಾನೆ. ಹೀಗೆ ಬಾಯಿಪಾಠ ಮಾಡುವುದಿಲ್ಲ!

ಕನ್ನಡಿಯಲ್ಲಿ ಒಬ್ಬಳು ಕೆಂಪಗಾದ ಮುಖದಿಂದ ಅವಳನ್ನೇ ನೋಡುತ್ತಿದ್ದಳು. ಪರವಾಗಿಲ್ಲ, ಚೆನ್ನಾಗಿಯೇ ಇದ್ದಾಳೆ ಅನ್ನಿಸಿತು. ಅವಳು ಬ್ಯಾಗನ್ನೂ ಮರೆತು ಬಾಗಿಲತ್ತ ಓಡಿದಳು. ಟ್ರೆಡ್‌ಮಿಲ್ ಅಲ್ಲ, ಈ ಸಲ ರಸ್ತೆ. ಓಡಿದಷ್ಟೂ ಮನೆ ಹತ್ತಿರ ಬಂತು.

* * *

ಗೇಟಿನೆದುರು ಟೆಂಪೋ ನಿಂತಿತ್ತು. ಒಳಗೆ ಅವನು ಸ್ಟೂಲ್ ಹತ್ತಿ ಗೋಡೆಯ ಕೊನೆಯ ಕಂಬಳಿ ಬಿಚ್ಚುತ್ತಿದ್ದ. ಮೇಜಿನ ಮೇಲೆ ಮೈಕ್ ಇನ್ನೂ ಇತ್ತು.

"ಹದಿಮೂರು ಎಲ್ಲಿ?" ಬಾಗಿಲಲ್ಲೇ ನಿಂತು ಏದುಸಿರಿನಲ್ಲಿ ಕೇಳಿದಳು.

ಅವನು ತಿರುಗಿ ನೋಡಿದ. ಕಂಬಳಿ ಕೈಜಾರಿ ಬಿತ್ತು.

"ಅದು... ಬರ್ತಿಲ್ಲ. ಎಷ್ಟು ಸಲ ಓದಿದ್ರೂ ಹನ್ನೆರಡು ಆದ್ಮೇಲೆ ನಾಲಿಗೆ ತಾನೇ ಹಾರಿಬಿಡುತ್ತೆ. ಹಾಳೆ ಮೇಲೆ ಬರೆದಿದೆ. ಆದ್ರೂ..."

"ಯಾಕೆ ಹೋಗ್ತಿದ್ದೀರಿ?"

ಅವನು ಸ್ಟೂಲಿನಿಂದ ಇಳಿದ. ಮಾತು ಹುಡುಕಿದ. ಸಿಗಲಿಲ್ಲ. ಈ ಸಲ ಅವಳು ತುಂಬಲಿಲ್ಲ. ಕಾದಳು.

"ನನ್ನಿಂದ ನೀವು ನಿಮ್ಮ ಮನೇಲಿ ಹಾರೋದನ್ನೇ ಬಿಟ್ರಿ. ನಾನು ಹೋದ್ರೆ... ಮತ್ತೆ ಮನೇಲೇ ಮಾಡಬಹುದಲ್ಲ ಅಂತ."

ಅವಳು ಒಂದು ಹೆಜ್ಜೆ ಒಳಗಿಟ್ಟಳು. "ಮತ್ತೆ ಅವತ್ತು ಯಾಕೆ ಹಾಗಂದ್ರಿ?"

"ಅವತ್ತು ಮೂರು ವಾಕ್ಯ ಬರ್ಕೊಂಡು, ಬಾಯಿಪಾಠ ಮಾಡ್ಕೊಂಡು ಬಂದಿದ್ದೆ. 'ಬೆಳಗ್ಗೆ ಯಾವ ಹೊತ್ತಿಗೆ ಮಾಡ್ತೀರ ಹೇಳಿ, ಆ ಹೊತ್ತು ಬಿಟ್ಟು ನಾನು ರೆಕಾರ್ಡ್ ಮಾಡ್ಕೋತೀನಿ. ನೀವು ಜಿಮ್‌ಗೆ ಹೋಗಬಾರದಾ ಅಂತ ಕೇಳು ಅಂತ ಕೆಲಸ ಕೊಡೋರು ಹೇಳ್ತಾರೆ. ನಾನು ಯಾವತ್ತೂ ಹಾಗೆ ಕೇಳಲ್ಲ.' ನೀವು ಬಾಗಿಲು ತೆಗೆದ್ರಿ... ಹಿಂದಿನದು, ಮುಂದಿನದು ಎಲ್ಲ ಮರೆತುಹೋಯ್ತು. ನಡುವಿನದ್ದು ಮಾತ್ರ ಬಾಯಿಗೆ ಬಂತು."

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. "ಆ ನಡುವಿನ ಮಾತನ್ನೇ ಹೇಳಿ ಒಬ್ಬ ನನ್ನ ಬಿಟ್ಟುಹೋಗಿದ್ದ, ಗೊತ್ತಾ?"

ಅವನು ತಲೆ ತಗ್ಗಿಸಿದ. "ಗೊತ್ತಿರಲಿಲ್ಲ. ಗೊತ್ತಿದ್ರೆ ನಾಲಿಗೆ ಕಚ್ಕೊಂಡಿರ್ತಿದ್ದೆ."

"ಆ ಸದ್ದು... ನಿಮಗೆ ಭಾರ ಅನ್ನಿಸ್ಲಿಲ್ವಾ?"

"ಇಲ್ಲ," ಅಂದ. ಈ ಸಲ ತಡವರಿಸಲಿಲ್ಲ. "ಮೇಲೆ ಯಾರೋ ಇದ್ದಾರೆ ಅನ್ನಿಸ್ತು. ದಿನವಿಡೀ ಊರಿಗೆಲ್ಲ ಮಾತಾಡ್ತೀನಿ, ನನ್ನ ಜೊತೆ ಯಾರೂ ಮಾತಾಡಲ್ಲ. ಬೆಳಗ್ಗೆ ನಿಮ್ಮ ಹೆಜ್ಜೆ ಕೇಳಿದ್ರೆ ಎದ್ದೇಳಬೇಕು ಅನ್ನಿಸೋದು. ಅಂಗಡೀಲಿ ಅದನ್ನೇ ಹೇಳೋಕೆ ಬಂದಿದ್ದೆ. ಮನೆ ತುಂಬಾ ನಿಶ್ಶಬ್ದ. ಎಷ್ಟು ಅಂದ್ರೆ... ಇರೋಕಾಗ್ತಿಲ್ಲ. ನನಗೆ ನೀವು ಇಷ್ಟ. ತುಂಬಾ."

ಅವಳ ಕಣ್ಣು ತುಂಬಿ ಹರಿಯಿತು. ಎಷ್ಟೋ ದಿನದಿಂದ ಕುದಿಯುತ್ತಿದ್ದ ಜೀವ ಒಂದೇ ಸಲಕ್ಕೆ ತಣ್ಣಗಾಯಿತು.

"ಟೆಂಪೋದವರನ್ನ ಕಳಿಸಿ," ಅಂದಳು. "ಮೊದಲು ಆ ಹದಿಮೂರು ಹೇಳಿ ಮುಗಿಸಿ. ನಾನು ಪಕ್ಕದಲ್ಲೇ ಕೂತಿರ್ತೀನಿ."

ಟೆಂಪೋ ಬರಿಗೈಲಿ ಹೋಯಿತು. ಕಂಬಳಿ ಮತ್ತೆ ಗೋಡೆಗೇರಿತು. ಅವನು ಮೈಕಿನ ಮುಂದೆ ಕೂತ, ಅವಳು ಅವನ ಭುಜಕ್ಕೆ ತಾಗುವ ಹಾಗೆ ಕೂತಳು.

"ಹತ್ತು... ಹನ್ನೊಂದು... ಹನ್ನೆರಡು..."

ಅವನು ಅಲ್ಲಿಗೇ ನಿಲ್ಲಿಸಿದ. ಅವಳ ಕಡೆ ನೋಡಿದ. ಆ ಕಣ್ಣುಗಳು! ಆಮೇಲೆ ಹೇಳುತ್ತೇನೆಂದಿದ್ದೆನಲ್ಲ, ಹೇಳಲು ಏನೂ ಇಲ್ಲ, ಅವುಗಳ ತುಂಬ ಅವಳೇ ಇದ್ದಳು.

"ಹದಿಮೂರು," ಎಂದಳು ಅವಳು, ಮೆಲ್ಲಗೆ.

"ಹದಿನಾಲ್ಕು," ಎಂದ ಅವನು.

ಇಪ್ಪತ್ತರವರೆಗೂ ಹಾಗೇ ಹೋಯಿತು. ಆಮೇಲೆ ಅವನು ಹಣೆಗೆ ಕೈ ಹಚ್ಚಿಕೊಂಡ. "ಅಯ್ಯೋ, ನಿಮ್ಮ ಧ್ವನಿನೂ ಸೇರ್ಕೊಂಡಿದೆ. ಜಿಮ್‌ನೋರು ಒಪ್ಪಲ್ಲ."

"ಜಿಮ್‌ಗೆ ಬೇರೆ ಮಾಡಿ ಕೊಡೋಣ. ಇದು ಮನೆಗೆ ಇರ್ಲಿ."

ಅವನ ಎದೆಬಡಿತ ಮೈಕಿಗೂ ಕೇಳಿಸಿರಬೇಕು. "ಯಾರ ಮನೆಗೆ?"

ಅವಳು ಅವನ ಜಾರಿದ ಕನ್ನಡಕವನ್ನು ಬೆರಳಿನಿಂದ ಮೇಲಕ್ಕೆ ತಳ್ಳಿದಳು.

"ಅದನ್ನೂ ಬರೆದುಕೊಡ್ಬೇಕಾ ನಿಮಗೆ?"