ನೀರಿಗೆ ಮುಖ ಮಾಡಿದ ಚಪ್ಪಲಿ

"ಆ ಚಪ್ಲಿ ಮುಟ್ಟಬ್ಯಾಡ್ರಿ!"

ನೀರಿನ ಕಡೆಯಿಂದ ಬಂದ ಕೂಗಿಗೆ ಸುಕನ್ಯಾಳ ಕೈ ಅರ್ಧಕ್ಕೇ ನಿಂತಿತು.

ಅವಳೇನೂ ಕದಿಯಲು ಬಾಗಿರಲಿಲ್ಲ. ದಂಡೆಯ ಕೆಸರಿನಲ್ಲಿ ಒಂದು ಜೋಡಿ ಚಪ್ಪಲಿ, ತುದಿ ನೀರಿನತ್ತ ಮಾಡಿಕೊಂಡಿದ್ದವು. ಸಣ್ಣ ಅಲೆಯೊಂದು ಬಂದು ಅವನ್ನು ತೋಯಿಸುತ್ತಿತ್ತು. ತುಸು ಮೇಲಕ್ಕೆ ಸರಿಸೋಣವೆಂದುಕೊಂಡಿದ್ದಳು, ಅಷ್ಟೇ!

ಎದೆಮಟ್ಟದ ನೀರಿನಿಂದ ಒಬ್ಬ ನಡೆದು ಬರುತ್ತಿದ್ದ. ಕೈಯಲ್ಲಿ ಮೂರು ಮುಳ್ಳಿನ ಭರ್ಚಿ. ಅದರ ತುದಿಯಲ್ಲಿ ಮೀನೊಂದು ಇನ್ನೂ ಬಾಲ ಬಡಿಯುತ್ತಿತ್ತು. ಅವನು ಈಜುಗನ್ನಡಕವನ್ನು ಹಣೆಗೇರಿಸಿದ.

ಭೀಮೇಶ!

ಎರಡು ವರ್ಷ... ಎರಡು ವರ್ಷದ ಮೇಲೆ ಆ ಮುಖ. ಕೆನ್ನೆ ಒಳಸೇರಿವೆ. ಕಣ್ಣು ಮಾತ್ರ ಅವೇ.

"ನೀನೇನು..." ಅವನ ದನಿ ಇಳಿಯಿತು. "ನೀ ಯಾಕ ಬಂದಿ ಸುಕನ್ಯಾ, ಇಲ್ಲಿಗೆ?"

ಅವಳು ಬಂದದ್ದು ಒಂದೇ ಒಂದು ಮಾತು ಹೇಳಲು. ಸಿಂಧನೂರಿನಿಂದ ಲಿಂಗಸುಗೂರು ದಾಟಿ ಈ ಹಿನ್ನೀರು ಮುಟ್ಟುವವರೆಗೆ, ಗಾಡಿಯ ಹಿಂದಿನ ಸೀಟಿನಲ್ಲಿ ಕುಳಿತು ಆ ಮಾತನ್ನೇ ನೂರು ಸಲ ಜೋಡಿಸಿಕೊಂಡಿದ್ದಳು. ಈಗ ಅದು ಬಾಯಿಗೆ ಬರಲಿಲ್ಲ.

"ನಾನs ಕರ್ಕೊಂಡು ಬಂದೀನಿ, ಯಾಕ?" ಹಿಂದಿನಿಂದ ಚಾಂದ್‌ಬೀ ಬಂದಳು. ಸುಕನ್ಯಾ ಕೆಲಸ ಮಾಡುವ ಕಾಲೇಜಿನ ಕಚೇರಿಯಲ್ಲೇ ಅವಳಿಗೂ ಕೆಲಸ. "ನೀವು ಗಂಡಸರು ವರ್ಷಾ ವರ್ಷಾ ಬಂದು ಮೀನ ಹೊಡೀತೀರಿ, ನಾವು ಮನ್ಯಾಗ ಕೂತು ಮಸಾಲಿ ಅರೀಬೇಕೇನು?"

"ಏನ್ ಹೊಡದ್ಯೋ ಭೀಮಣ್ಣ?" ಡೇರೆಯ ಹಗ್ಗ ಕಟ್ಟುತ್ತಿದ್ದ ಚಾಂದ್‌ಬೀಯ ತಮ್ಮ ದಾನಿಷ್ ಕೂಗಿದ.

"ಜಿಲೇಬಿ ಮೀನ."

"ಹೌದಾ? ಅಕ್ಕಾ, ಚಾ ಕಾಸು, ಜಿಲೇಬಿ ಬಂದೈತಿ!"

ಚಾಂದ್‌ಬೀ ನಕ್ಕಳು. ಭೀಮೇಶ ನಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು, ಸುಕನ್ಯಾಳನ್ನು ನೋಡದೆ ನಡೆದುಹೋದ.

*

ತೆಪ್ಪದ ಮಲೀಕಸಾಬನಿಗೆ ಎಪ್ಪತ್ತಾಗಿತ್ತು. ಈ ದಂಡೆಯಲ್ಲಿ ಅವನದೊಂದೇ ನಿಯಮ.

"ನೋಡ ಬೇಟಿ, ನೀರಿಗೆ ಇಳಿಯಾವ ಚಪ್ಲಿ ಇಲ್ಲೇ ಬಿಡಬೇಕು, ನೀರಿಗೆ ಮುಖ ಮಾಡಿ. ಮ್ಯಾಲ ಬಂದ ಕೂಡಲೇ ಮೆಟ್ಟಬೇಕು. ಚಪ್ಲಿ ಅದಾವು ಅಂದ್ರ ಮನಷ್ಯಾ ನೀರಾಗ ಅದಾನ. ಇಲ್ಲ ಅಂದ್ರ ಬಂದಾನ. ಮಂದಿ ಸುಳ್ಳು ಹೇಳ್ತಾರ, ಚಪ್ಲಿ ಹೇಳಂಗಿಲ್ಲ."

ಈ ನಿಯಮ ಸುಕನ್ಯಾಳಿಗೆ ಗೊತ್ತಿತ್ತು. ತಿಳಿಯಬೇಕಾದ ದಿನಕ್ಕಿಂತ ಒಂದು ದಿನ ತಡವಾಗಿ ಗೊತ್ತಾಗಿತ್ತು.

ಎರಡು ವರ್ಷದ ಹಿಂದೆ, ಏಪ್ರಿಲ್. ಕಾಲುವೆಗೆ ನೀರು ನಿಲ್ಲಿಸಿದ್ದರು. ಜವಳಗೇರಾದ ಹತ್ತಿರ ಸೇತುವೆಯ ಕೆಳಗಿನ ಮಡುವಿನಲ್ಲಿ ಮಾತ್ರ ಆಳದ ನೀರು, ಆ ನೀರಿನ ತುಂಬಾ ಮೀನು. ಅವಳ ಅಣ್ಣ ಶಿವರಾಜ, ಅಣ್ಣನ ಜೀವದ ಗೆಳೆಯ ಭೀಮೇಶ, ಇಬ್ಬರೂ ಇದೇ ನಿಯಮದಂತೆ ಚಪ್ಪಲಿ ದಂಡೆಯಲ್ಲಿ ಬಿಟ್ಟು, ಭರ್ಚಿ ಹಿಡಿದು ಇಳಿದಿದ್ದರು.

ಸುಕನ್ಯಾ ಸ್ಕೂಟಿಯಲ್ಲಿ ಅದೇ ದಾರಿಯಲ್ಲಿ ಬಂದಳು. ದಂಡೆಯ ಮೇಲೆ ಅಣ್ಣನ ಹೊಸ ಚಪ್ಪಲಿ ಕಂಡವು. ಮುಂಜಾನೆಯಷ್ಟೇ ಅವನು ಭೀಮೇಶನ ಹೆಸರು ಹೇಳಿ ಅವಳನ್ನು ಅಳುವವರೆಗೆ ಚುಡಾಯಿಸಿದ್ದ.

'ಬರಿಗಾಲಾಗ ಮನಿಗೆ ಬರಲಿ. ಅವ್ವನ ಕೈಲೆ ಬೈಸಿಕೊಳ್ಳಲಿ!'

ನಗುತ್ತಲೇ ಚಪ್ಪಲಿಗಳನ್ನು ಸ್ಕೂಟಿಯ ಡಿಕ್ಕಿಗೆ ಹಾಕಿಕೊಂಡು ಹೋದಳು.

ಭೀಮೇಶ ನೀರಿನಿಂದ ಎದ್ದು ನೋಡಿದ. ಗೆಳೆಯನ ಚಪ್ಪಲಿ ಇರಲಿಲ್ಲ. 'ನನ್ನ ಬಿಟ್ಟು ಹೋದನಲ್ಲ' ಎಂದು ಬೈಯುತ್ತಾ ತಾನೂ ಹೋದ.

ಶಿವರಾಜ ಆಗ ಮಡುವಿನ ತಳದಲ್ಲಿದ್ದ... ಸೇತುವೆಯ ಕಲ್ಲಿಗೂ ಹರಿದ ಬಲೆಗೂ ನಡುವೆ.

ಮರುದಿನ ಅಂಗಳದಲ್ಲಿ ಹತ್ತು ಜನರ ಮುಂದೆ ಭೀಮೇಶ ಕೈಮುಗಿದು ನಿಂತಿದ್ದ. "ಚಪ್ಲಿ ಇರಲಿಲ್ಲ ಯವ್ವಾ. ಮ್ಯಾಲ ಹೋಗ್ಯಾನಂತ ತಿಳಕೊಂಡೆ."

"ಸುಳ್ಳು!" ಅವ್ವ ಗದ್ದೆಮ್ಮ ಎದೆ ಬಡಿದುಕೊಂಡಿದ್ದಳು. "ನನ್ನ ಮಗನ್ನ ನೀರಾಗ ಬಿಟ್ಟು ಬಂದು ಚಪ್ಲಿ ಕತಿ ಹೇಳ್ತೀಯಾ? ಇನ್ನ ಈ ಹೊಸ್ತಿಲ ತುಳದ್ಯಂದ್ರ ನನ್ನ ಹೆಣ ತುಳದಂಗ!"

ಬಾಗಿಲ ಹಿಂದೆ ಸುಕನ್ಯಾ ನಿಂತಿದ್ದಳು. ನಾಲ್ಕು ಹೆಜ್ಜೆ ಮುಂದೆ ಬಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಚಪ್ಪಲಿಗಳು ಅಟ್ಟದ ಟ್ರಂಕು ಸೇರಿದವು.

ಇಂದು ಅವು ಅವಳ ಬ್ಯಾಗಿನಲ್ಲಿದ್ದವು, ಟವೆಲಿನಲ್ಲಿ ಸುತ್ತಿಕೊಂಡು.

*

ಹೊತ್ತು ಇಳಿಯುತ್ತಿತ್ತು. ನೀರಿನ ನಡುವೆ ಮುಳುಗಡೆಯಾದ ಹಳೆಯ ಊರಿನ ಗುರುತುಗಳು ತಲೆ ಎತ್ತಿದ್ದವು. ಮೊಂಡು ಗೋಡೆ. ಎಲೆಯಿಲ್ಲದ ಬೇವಿನ ಮರದ ತುದಿ. ಅದರ ಮೇಲೆ ಸಾಲಾಗಿ ಕುಳಿತ ನೀರುಕಾಗೆಗಳು, ಒಂದೂ ಕದಲದೆ. ಗೋಡೆಯ ಪಕ್ಕದಲ್ಲಿ ಬಿಳಿ ಎಣ್ಣೆ ಡಬ್ಬಿಯೊಂದು ತೇಲುತ್ತಿತ್ತು.

"ಆ ಡಬ್ಬಿ?" ಕೇಳಿದಳು ಸುಕನ್ಯಾ.

"ಭೀಮಣ್ಣ ಕಟ್ಟಿ ಬಿಟ್ಟಾನ, ಜಾಗದ ಗುರುತಿಗೆ. ಅದರ ಕೆಳಗ ಹಳೇ ಬಾವಿ ಐತಂತ." ದಾನಿಷ್ ದನಿ ತಗ್ಗಿಸಿದ. "ಬಾವ್ಯಾಗ ಮನಷ್ಯಾನಷ್ಟು ಉದ್ದ ಬಾಳೆಮೀನ ಐತಂತ. ನಾಳಿ ಒಬ್ಬನs ಇಳೀತೀನಿ ಅಂತಾನ. ಅಕ್ಕಾ, ಖರೇ ಹೇಳ್ಲಾ? ಇವ ಮೀನ ಹೊಡ್ಯಾಕ ಇಳಿಯಂಗಿಲ್ಲ. ಹೋದ ವರ್ಷನೂ ಹಿಂಗs... ಎಲ್ಲಾರೂ ಮ್ಯಾಲ ಬಂದ್ರೂ ಇವ ಬರಂಗಿಲ್ಲ. ಏನೋ ಹುಡುಕ್ಯಾಡಿದಂಗ ಮಾಡ್ತಾನ."

ಮಲೀಕಸಾಬ ಬೀಡಿ ಕೆಳಗಿಟ್ಟ. "ಆ ಬಾವಿ ಬ್ಯಾಡಂತ ಹೇಳೀನಿ. ಹರಕು ಬಲಿ ಎಲ್ಲಾ ಅಲ್ಲೇ ಹೋಗಿ ಕುಂದರ್ತಾವು. ಅಲ್ಲಿ ಇಳಿದವ್ರ ಚಪ್ಲಿ ಎರಡು ಜೋಡಿ... ನಾನs ಒಯ್ದು ಅವರ ಮನಿಗೆ ಕೊಟ್ಟು ಬಂದೀನಿ."

ಸುಕನ್ಯಾ ಮತ್ತೆ ಡಬ್ಬಿಯತ್ತ ನೋಡಿದಳು.

'ಇವತ್ತೇ ಹೇಳಬೇಕು. ಇವನು ಹುಡುಕುತ್ತಿರುವುದು ಶಿವಣ್ಣನನ್ನು. ನಾನು ಸುಮ್ಮನಿದ್ದರೆ ನಾಳೆ...'

ಅವಳು ಎದ್ದಳು. ಭೀಮೇಶ ಕಲ್ಲಿನ ಮೇಲೆ ಕುಳಿತು ಭರ್ಚಿಯ ಮುಳ್ಳು ಮಸೆಯುತ್ತಿದ್ದ.

"ಒಂದ್ ಮಾತು ಹೇಳ್ಬೇಕ್ರಿ."

"ರೀ ಅಂತೀಯಲ್ಲ. ಅಷ್ಟು ದೂರದವ ಆದ್ನೇನು?"

"ಆ ದಿನ... ಚಪ್ಲಿ..."

ಮಸೆಯುತ್ತಿದ್ದ ಕೈ ನಿಂತಿತು. "ಗೊತ್ತಾತು ಬಿಡು. ನಂಬಂಗಿಲ್ಲ ಅಂತ ಹೇಳಾಕ ಬಂದಿ. ಬೈ, ಸುಕನ್ಯಾ. ನಿಂಗ ಹಕ್ಕೈತಿ. ನಿಮ್ಮವ್ವ ಬೈದಳು, ಊರೆಲ್ಲಾ ಬೈತು, ನೀನೊಬ್ಬಾಕಿ ಬೈಲಿಲ್ಲ. ಅದs ನಂಗ ಜಾಸ್ತಿ ಸುಡತೈತಿ."

"ಹಂಗಲ್ಲ, ನಾ..."

"ಬ್ಯಾಡ." ಅವನು ಎದ್ದ. "ಈಗೀಗ ನಂಗೂ ಅನುಮಾನ. ಚಪ್ಲಿ ಇರಲಿಲ್ಲೋ, ನನಗs ಕಾಣ್ಲಿಲ್ಲೋ... ನನ್ನ ಕಣ್ಣ ನಾನs ನಂಬಂಗಿಲ್ಲ."

ಅವನು ಹೋದ. ಹೇಳಬೇಕಾದ ಮಾತು ಮತ್ತೆ ಬಾಗಿಲ ಹಿಂದೆಯೇ ನಿಂತಿತು.

*

ಬೆಳಕು ಹರಿದಾಗ ಅವಳಿಗೆ ಎಚ್ಚರವಾಯಿತು. ಏನೋ ಸರಿಯಿಲ್ಲ ಅನಿಸಿತು.

ಬೇವಿನ ತುದಿಯಲ್ಲಿ ಒಂದೂ ಹಕ್ಕಿಯಿರಲಿಲ್ಲ.

ಅವಳು ದಂಡೆಗೆ ಓಡಿದಳು. ಕೆಸರಿನಲ್ಲಿ ಯಾವ ಚಪ್ಪಲಿಯೂ ಇಲ್ಲ.

"ಚಾಚಾ, ಬಾವಿಗೆ ಇಳೀತೀನಿ ಅಂದವ ಎಲ್ಲಿ?"

ತೆಪ್ಪದ ನೀರು ಬಾಚುತ್ತಿದ್ದ ಮಲೀಕಸಾಬ ದಂಡೆಯನ್ನೊಮ್ಮೆ ನೋಡಿದ. "ಚಪ್ಲಿ ಇಲ್ಲಲ್ಲ. ದಾನಿಷ್‌ನೂ ಕಾಣ್ವಲ್ಲ. ಇಬ್ರೂ ಕೂಡಿ ಊರಾಗ ಹಾಲು ತರಾಕ ಹೋಗಿರ್ಬೇಕು."

ಎಷ್ಟು ಸರಳ! ಚಪ್ಪಲಿ ಇಲ್ಲ. ಅಂದರೆ ನೀರಿನಲ್ಲಿಲ್ಲ. ಆ ದಿನ ಭೀಮೇಶನೂ ಹೀಗೇ ನಂಬಿದ್ದ.

ಅವಳು ಡಬ್ಬಿಯನ್ನು ನೋಡಿದಳು. ಗಾಳಿಯಿಲ್ಲ. ನೀರು ಗಾಜಿನಂತೆ ನಿಂತಿದೆ. ಡಬ್ಬಿ ಮಾತ್ರ ಒಮ್ಮೆ ತಲೆ ಅಲ್ಲಾಡಿಸಿತು... ನಿಂತಿತು... ಮತ್ತೆ ಅಲ್ಲಾಡಿಸಿತು.

"ಚಾಚಾ! ಅವ ನೀರಾಗ ಅದಾನ! ತೆಪ್ಪ ಬಿಡ್ರಿ!"

"ಹುಚ್ಚಿ, ಮೀನ ಜಗ್ಗಿದ್ರೂ ಡಬ್ಬಿ ಅಲ್ಲಾಡತೈತಿ. ನಲವತ್ತು ವರ್ಷ ಆತು, ಒಮ್ಮೆನೂ ಚಪ್ಲಿ ಸುಳ್ಳು..."

"ಹೇಳ್ತಾವು!" ಅವಳು ಕಿರುಚಿದಳು. "ಚಪ್ಲಿ ಸುಳ್ಳು ಹೇಳ್ತಾವು! ನಾನs ಹೇಳ್ಸೀನಿ! ಆ ದಿನ ನಮ್ಮಣ್ಣನ ಚಪ್ಲಿ ನಾನs ಒಯ್ದಿದ್ದೆ... ಚ್ಯಾಷ್ಟಿಗೆ ಒಯ್ದಿದ್ದೆ! ಅದಕ್ಕ ಅವಂಗ ಕಾಣ್ಲಿಲ್ಲ! ನಮ್ಮಣ್ಣ ನೀರಾಗs ಉಳದ!"

ಡೇರೆಯಿಂದ ಓಡಿ ಬಂದ ಚಾಂದ್‌ಬೀ ಬಾಯಿಯ ಮೇಲೆ ಕೈಯಿಟ್ಟುಕೊಂಡು ನಿಂತಳು.

ಸುಕನ್ಯಾ ಮೊಣಕಾಲ ನೀರಿಗಿಳಿದಿದ್ದಳು. ಎರಡು ವರ್ಷ ಆ ಹೆಸರು ಅವಳ ನಾಲಿಗೆಯ ಮೇಲೆ ಬಂದಿರಲಿಲ್ಲ. ಇವತ್ತು ಇಡೀ ಹಿನ್ನೀರಿಗೆ ಕೇಳುವಂತೆ ಕೂಗಿದಳು.

"ಭೀಮೇಶಾ...! ಭೀಮೇಶಾ...!"

ಡಬ್ಬಿ ಮತ್ತೊಮ್ಮೆ ಅಲ್ಲಾಡಿತು.

ಆಮೇಲೆ ಮೊಂಡು ಗೋಡೆಯ ಹಿಂದಿನಿಂದ, ಕಲ್ಲಿಗೆ ಕಬ್ಬಿಣ ಬಡಿದ ಸದ್ದು.

ಟಣ್.

"ಯಾ ಅಲ್ಲಾ!" ಮಲೀಕಸಾಬ ತೆಪ್ಪ ತಳ್ಳಿದ. ಸುಕನ್ಯಾ ಜಿಗಿದು ಹತ್ತಿದಳು.

ಗೋಡೆಯ ಆಚೆ ಒಂದು ಮುಖ ಮಾತ್ರ ನೀರಿನ ಮೇಲಿತ್ತು, ಆಕಾಶ ನೋಡುತ್ತಾ. ತುಟಿ ನೀಲಿಗಟ್ಟಿತ್ತು. ತೆಪ್ಪ ಎಬ್ಬಿಸಿದ ಪ್ರತಿ ಅಲೆಗೂ ಬಾಯಿ ಮುಳುಗಿ ಏಳುತ್ತಿತ್ತು. ಕೆಳಗೆ ಎರಡೂ ಕಾಲಿಗೆ ಬಲೆ. ಡಬ್ಬಿಯ ಹಗ್ಗ ಅವನ ಒಂದು ಮುಷ್ಟಿಯಲ್ಲಿತ್ತು, ಇನ್ನೊಂದರಲ್ಲಿ ಭರ್ಚಿ.

ಸುಕನ್ಯಾ ತೆಪ್ಪದಿಂದ ಬಾಗಿ ಅವನ ತಲೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು. ಮುದುಕ ಬಾಯಲ್ಲಿ ಚಾಕು ಕಚ್ಚಿಕೊಂಡು ನೀರಿಗೆ ಧುಮುಕಿದ. ಒಂದು ಎಳೆ, ಇನ್ನೊಂದು ಎಳೆ...

'ಇವನನ್ನೂ ಕೊಡಲಾರೆ. ಕೊಡಲಾರೆ...'

ಕೊನೆಯ ಎಳೆ ಹರಿಯಿತು.

*

ಅರ್ಧ ಗಂಟೆಯ ಮೇಲೆ ದಾನಿಷ್ ಹಾಲಿನ ಕ್ಯಾನು ಹಿಡಿದು ಸಿಳ್ಳೆ ಹಾಕುತ್ತಾ ಬಂದ. ಕಂಬಳಿ ಹೊದ್ದು ನಡುಗುತ್ತಿದ್ದ ಭೀಮೇಶನನ್ನು ಕಂಡ. ಆಮೇಲೆ ಎಲ್ಲರೂ ತನ್ನ ಪಾದಗಳನ್ನೇ ನೋಡುತ್ತಿರುವುದನ್ನು ಕಂಡ. ಬಗ್ಗಿ ನೋಡಿಕೊಂಡ.

ಭೀಮೇಶನ ಚಪ್ಪಲಿ!

"ನಸುಕಿನ್ಯಾಗ... ದಂಡ್ಯಾಗ ಇದ್ದುವು... ನಂದಂತ ತಿಳದು..." ಅವನ ಕೈಯಿಂದ ಕ್ಯಾನು ಜಾರಿತು. "ಅಣ್ಣಾ! ಅಣ್ಣಾ, ನಾ ನಿನ್ನ..."

ಎಲ್ಲರಿಗಿಂತ ಮೊದಲು ಅವನ ಬಳಿ ಹೋದವಳು ಸುಕನ್ಯಾ.

"ಅಳಬ್ಯಾಡ ದಾನಿಷ್. ಬೇಕಂತ ಮಾಡಿದ್ದಲ್ಲ."

ಹೇಳಿದ ಮೇಲೆ ಆ ಮಾತು ಅವಳಿಗೇ ಕೇಳಿಸಿತು. ಎರಡು ವರ್ಷ ತನಗೆ ತಾನು ಹೇಳಿಕೊಳ್ಳಲಾಗದ ಮಾತು. ಬೇಕೆಂದು ಮಾಡಿದ್ದಲ್ಲ. ಆದರೆ ಮುಚ್ಚಿಟ್ಟದ್ದು? ಅದು ಬೇಕೆಂದೇ ಮಾಡಿದ್ದು.

ಬ್ಯಾಗಿನಿಂದ ಟವೆಲು ತೆಗೆದು ಬಿಚ್ಚಿದಳು. ಅಣ್ಣನ ಚಪ್ಪಲಿಗಳನ್ನು ಭೀಮೇಶನ ಮುಂದಿಟ್ಟಳು.

"ನಿನ್ನ ಕಣ್ಣು ಸುಳ್ಳು ಹೇಳಿರಲಿಲ್ಲ."

"ಕೇಳಿಸ್ತು," ಅಂದ ಅವನು. "ನೀರಿನ ಮ್ಯಾಲ ಮಾತು ದೂರ ಬರತೈತಿ. ಎಲ್ಲಾ ಕೇಳಿಸ್ತು."

ಅವನು ಒಂದು ಚಪ್ಪಲಿ ಎತ್ತಿ ಧೂಳು ಒರೆಸಿ ಮತ್ತೆ ಕೆಳಗಿಟ್ಟ. ಅವಳು ಕಾದಳು. ಏನಂದರೂ ಕೇಳಲು ಸಿದ್ಧಳಾಗಿದ್ದಳು.

"ಎರಡು ವರ್ಷ, ಸುಕನ್ಯಾ."

"ಎರಡು ವರ್ಷ."

"ನಿಮ್ಮವ್ವನ ಮುಂದ ನಾ ಕೈ ಮುಗದು ನಿಂತಾಗ ನೀ ಬಾಗಿಲ ಹಿಂದ ಇದ್ದಿ. ನಿನ್ನ ಸೀರಿ ಸೆರಗು ಕಾಣ್ತಿತ್ತು. ನೀ ಬಂದು ಏನರೆ ಹೇಳ್ತೀಯಂತ ನೋಡ್ದೆ."

ಅವಳು ತಲೆ ತಗ್ಗಿಸಲಿಲ್ಲ. ಕಣ್ಣೀರನ್ನೂ ಒರೆಸಿಕೊಳ್ಳಲಿಲ್ಲ. "ಅಂಜಿದ್ದೆ. ಅವ್ವ ನನ್ನೂ ಹೊರಗ ಹಾಕ್ತಾಳಂತ ಅಂಜಿದ್ದೆ. ನಿನ್ನ ಹಾಕಿದ್ರು, ನೋಡ್ಕೋತ ನಿಂತೆ."

ಭೀಮೇಶ ದೀರ್ಘವಾಗಿ ಉಸಿರು ಬಿಟ್ಟ.

"ನಂಗ ಸಿಟ್ಟು ಬಂದೈತಿ. ಹೋಗಾಕ ದಿನ ಹಿಡಿತಾವು. ಆದ್ರ ಇವತ್ತು ಗೋಡಿ ಹಿಂದ ನೇತಾಡಾಗ ಒಂದು ಹೊಳೀತು. ಆ ದಿನ ನಾ ಚಪ್ಲಿ ನೋಡ್ದೆ, ಹೆಸರು ಕೂಗಲಿಲ್ಲ. ಒಂದೇ ಒಂದ್ಸಲ 'ಶಿವೂ' ಅಂತ ಕೂಗಿದ್ರ... ಅವನೂ ಕಲ್ಲು ಬಡೀತಿದ್ನೋ ಏನೋ. ನೀ ಚಪ್ಲಿ ಒಯ್ದಿ. ನಾ ಕೂಗದs ಹೋದೆ. ತಪ್ಪು ಇಬ್ಬರದೂ ಐತಿ."

ಮಲೀಕಸಾಬ ಮೆಲ್ಲಗೆ ಬಂದು ಶಿವರಾಜನ ಚಪ್ಪಲಿಗಳನ್ನು ಎತ್ತಿಕೊಂಡ. ದಂಡೆಯ ಮೇಲೆ ಇಟ್ಟ. ತುದಿ ಈ ಸಲ ನೀರಿಗಲ್ಲ, ಊರಿನ ಕಡೆಗೆ.

"ಮ್ಯಾಲ ಬಂದ," ಎಂದಷ್ಟೇ ಹೇಳಿ ಹೊರಟುಹೋದ.

ಭೀಮೇಶನ ಭುಜ ಅಲುಗಿತು. ಎರಡು ವರ್ಷದ ಅಳು. ಸುಕನ್ಯಾ ಪಕ್ಕದಲ್ಲಿ ಕುಳಿತಳು. ಕಂಬಳಿಯ ಒಂದು ಅಂಚನ್ನು ಅವನು ಅವಳತ್ತ ಸರಿಸಿದ.

"ಅವ್ವಗ ಹೇಳ್ಬೇಕು," ಅಂದಳು ಅವಳು. "ಇವತ್ತs."

"ಹೊಸ್ತಿಲ ತುಳಿಬ್ಯಾಡಂದಾಳ."

"ನೀ ಹೊರಗ ನಿಂದ್ರು. ಈ ಸಲ ನಾ ಬಾಗಿಲ ಮುಂದ ನಿಂತು ಹೇಳ್ತೀನಿ. ಆಮ್ಯಾಲ ನಿನ್ನ ಒಳಗ ಕರೀತಾಳೋ, ನನ್ನ ಹೊರಗ ಹಾಕ್ತಾಳೋ... ಗೊತ್ತಿಲ್ಲ."

"ಹೊರಗ ಹಾಕಿದ್ರ?"

"ಹೊರಗ ನೀ ಇರ್ತೀಯಲ್ಲ?"

ಅವನ ನೀಲಿ ತುಟಿಯ ಮೇಲೆ ಎರಡು ವರ್ಷದ ಮೇಲೆ ಸಣ್ಣದೊಂದು ನಗು ಬಂತು. ಹಿನ್ನೀರು ಎದುರಿಗೆ ಏನೂ ನಡೆದೇ ಇಲ್ಲವೆಂಬಂತೆ ಬಿದ್ದಿತ್ತು. ಬೇವಿನ ತುದಿಗೆ ಒಂದು ನೀರುಕಾಗೆ ಮರಳಿತ್ತು.

"ಆಗ ಕೂಗಿದ್ಯಲ್ಲ," ಅವನು ಮೆಲ್ಲಗೆ ಅಂದ. "ಬಾಯಾಗ ನೀರಿತ್ತು, ಉತ್ತರ ಕೊಡಾಕ ಆಗ್ಲಿಲ್ಲ. ಇನ್ನೊಮ್ಮೆ ಕೂಗು."

ಅವಳು ಅವನ ಪಕ್ಕದಲ್ಲೇ ಇದ್ದಳು. ಕೂಗಬೇಕಾದಷ್ಟು ದೂರವೇ ಇರಲಿಲ್ಲ. ಆದರೂ ಕರೆದಳು.

"ಭೀಮೇಶಾ..."

"ಓ..." ಅಂದ ಅವನು.